ಸೀಬೆ ಮರದ ಮೇಲೆ ಅಕ್ಕ

“ಹಾಗಾದ್ರೆ ನನ್ನ ಕೈಯ ಬನ್ನು ನಿನಗೆ ವಿಷ ಆಗೋಯ್ತಾ?” ಎಂದ ತಮ್ಮ, ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕುತ್ತ. ಡಬ್ಬಿಯ ತಳ ಇನ್ನೂ ಬಿಸಿಯಾಗಿತ್ತು. ಬೆಣ್ಣೆಯ ಘಮ ಅಡುಗೆಮನೆಯನ್ನೆಲ್ಲ ತುಂಬಿತು. ಬೇಕರಿ ಶುರು ಮಾಡಿದಾಗಿನಿಂದ ಭಾನುವಾರದ ಮೊದಲ ಬನ್ನುಗಳನ್ನು ಅಕ್ಕನ ಮನೆಗೆ ಮುಟ್ಟಿಸದೆ ಅವನು ಅಂಗಡಿಯ ಬಾಗಿಲು ತೆರೆದವನಲ್ಲ.

ಅಕ್ಕನ ಬಾಯಲ್ಲಿ ನೀರೂರಿತು. ನುಂಗಿಕೊಂಡಳು. “ವಿಷ ಯಾಕಾಗತ್ತೋ? ಮೈದಾ, ಸಕ್ಕರೆ ಬಿಟ್ಟಿದ್ದೀನಿ, ಅಷ್ಟೇ.”

ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಕೂತೇ ಅವಳ ಸೊಂಟ ಹಿಡಿದುಹೋಗಿತ್ತು, ರಕ್ತದಲ್ಲಿ ಸಕ್ಕರೆ ಏರಿತ್ತು. ನಿವೃತ್ತಿಯಾದದ್ದೇ ತಡ, ಮಗಳು ಡಾಕ್ಟರನ್ನು ಕೇಳಿಕೊಂಡು ಅಮ್ಮನನ್ನು ಹೊಸ ದಾರಿಗೆ ಹಚ್ಚಿದಳು. ಬೇಸಾಯವೇ ಗೊತ್ತಿಲ್ಲದ ಕಾಲದ ಮನುಷ್ಯರು ತಿಂದ ಹಾಗೆ ತಿನ್ನಬೇಕು, ಅವರು ಓಡಾಡಿದ ಹಾಗೆ ಓಡಾಡಬೇಕು. ಮೀನು, ಮೊಟ್ಟೆ, ಗೆಡ್ಡೆ, ಸೊಪ್ಪು, ಹಣ್ಣು. ನಡೆ, ಕುಕ್ಕುರುಗಾಲಲ್ಲಿ ಕೂರು, ಭಾರ ಎತ್ತು, ಕೊಂಬೆಗೆ ಜೋತುಬೀಳು. “ಸೊಂಟಕ್ಕೆ ಎಲೆ ಬೇರೆ ಸುತ್ಕೋಬೇಕಾ?” ಎಂದು ಮೊದಮೊದಲು ನಕ್ಕವಳು ಅಕ್ಕನೇ. ಈಗ ಮೆಟ್ಟಿಲು ಹತ್ತುವಾಗ ಅವಳು ಕಂಬಿ ಹಿಡಿಯುವುದಿಲ್ಲ. ಡಾಕ್ಟರು ಒಂದು ಮಾತ್ರೆಯನ್ನೂ ನಿಲ್ಲಿಸಿದ್ದರು.

“ಆ ಕಾಡು ಮನುಷ್ಯರು ಮೂವತ್ತಕ್ಕೇ ಸಾಯ್ತಿದ್ರಂತೆ, ಗೊತ್ತಾ?” ಎಂದ ತಮ್ಮ.

“ಹುಲಿ ಬಾಯಿಗೆ ಬಿದ್ದು ಸಾಯ್ತಿದ್ರು ಕಣೋ, ಬನ್ನು ತಿಂದಲ್ಲ.”

ತಮ್ಮ ನಗಲಿಲ್ಲ. “ಅರವತ್ತಕ್ಕೆ ಅರಳುಮರುಳು ಅನ್ನೋದು ಇದಕ್ಕೇ,” ಎನ್ನುತ್ತ ಮೇಜಿನ ಅಂಚು ಹಿಡಿದು ಎದ್ದ. ಏಳುವಷ್ಟಕ್ಕೇ ಉಸಿರು ಸಿಳ್ಳೆ ಹೊಡೆಯಿತು. ಮೊನ್ನೆ ಹಿಟ್ಟಿನ ಮೂಟೆ ಎತ್ತಲು ಹೋಗಿ ಒಲೆಯ ಮುಂದೆಯೇ ಕುಸಿದು ಕೂತಿದ್ದನೆಂದು ಅವನ ಹೆಂಡತಿ ಫೋನಿನಲ್ಲಿ ಅತ್ತಿದ್ದಳು. ಅವನು ಮಾತ್ರ ತುಟಿ ಬಿಚ್ಚಿರಲಿಲ್ಲ. ಬೈದರೆ ಬಗ್ಗುವ ಜಾತಿಯಲ್ಲ ಇವನು. ಅಕ್ಕ ಒಂದು ಗಳಿಗೆ ಯೋಚಿಸಿ, “ಮುಖ ಊದಿಸ್ಕೊಂಡು ಹೋಗ್ಬೇಡ. ಹಿತ್ತಲಿಗೆ ಬಾ,” ಎಂದಳು.

ಹಿತ್ತಲಿನಾಚೆ ಯಾರೂ ಮನೆ ಕಟ್ಟದ ಜಾಗ, ಅದರ ನಡುವೆ ಒಂದು ಹಳೆಯ ಸೀಬೆ ಮರ. ಅಕ್ಕ ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡಳು. ಇಷ್ಟು ದಿನ ಕೆಳಗಿನ ಕೊಂಬೆಗೆ ಜೋತುಬಿದ್ದಿದ್ದಳೇ ಹೊರತು ಮೇಲೆ ಹತ್ತುವ ಧೈರ್ಯ ಮಾಡಿರಲಿಲ್ಲ.

“ಏಯ್, ಏನ್ ಮಾಡ್ತಿದ್ದೀಯಾ? ಬಿದ್ರೆ ಮೂಳೆ ಆಯ್ದುಕೊಳ್ಳೋಕೂ ಸಿಗಲ್ಲ!”

ಅವಳು ಆಗಲೇ ಕವಲಿನಲ್ಲಿ ಕಾಲಿಟ್ಟಿದ್ದಳು. ಬೆರಳುಗಳು ತೊಗಟೆಯ ಗಂಟನ್ನು ತಾವೇ ಹುಡುಕಿಕೊಂಡವು. ಒಂದು ಕೊಂಬೆ, ಇನ್ನೊಂದು ಕೊಂಬೆ. ಎಲೆಗಳ ಒಗರು ವಾಸನೆ ಮೂಗಿಗೆ ಬಡಿದದ್ದೇ, ಚಿಕ್ಕಂದಿನಲ್ಲಿ ತಮ್ಮನ ಜೊತೆ ಹೊಳೆಯಂಚಿನಲ್ಲಿ ಕಳೆದ ಹಗಲುಗಳೆಲ್ಲ ಒಟ್ಟಿಗೇ ನುಗ್ಗಿ ಬಂದವು. ಅಮ್ಮನ ಕಣ್ಣು ತಪ್ಪಿಸಿ ಸೀಬೆ ಮರ ಹತ್ತಿದ್ದು, ಹುಳಿ ಸೊಪ್ಪು ಜಗಿಯುತ್ತ ಅಲೆದದ್ದು, ಕಲ್ಲೆತ್ತಿ ಏಡಿ ಹಿಡಿದದ್ದು, ಗೆಣಸು ಅಗೆದು ತರಗೆಲೆಯ ಬೆಂಕಿಯಲ್ಲಿ ಸುಟ್ಟು, ಅರ್ಧ ಮಣ್ಣಿನ ಸಮೇತ ತಿಂದದ್ದು, ಯಾರು ಮೊದಲು ಮನೆ ಮುಟ್ಟುವವರೆಂದು ಕತ್ತಲಾಗುವ ಮುಂಚೆ ಓಡಿದ್ದು. ಆಗ ಅದನ್ನು ಯಾರೂ ಪಥ್ಯ ಎನ್ನಲಿಲ್ಲ, ವ್ಯಾಯಾಮ ಎನ್ನಲಿಲ್ಲ. ರಜೆ ಎನ್ನುತ್ತಿದ್ದರು.

ಕೆಳಗೆ ನೋಡಿದಳು. ಯಾರೂ ಹೇಳದೆಯೇ ತಮ್ಮ ತನ್ನ ಹಿಟ್ಟು ಮೆತ್ತಿದ ಏಪ್ರನ್ನಿನ ಎರಡು ತುದಿ ಹಿಡಿದು, ಅಗಲ ಮಾಡಿಕೊಂಡು ನಿಂತಿದ್ದ. ಒಂದು ಹಣ್ಣು ಕಿತ್ತು ಎಸೆದಳು, ತಪ್ಪಿಹೋಯಿತು. ಎರಡನೆಯದನ್ನು ಬೇಕೆಂದೇ ದೂರಕ್ಕೆಸೆದಳು. ತಮ್ಮ ಓಡಿದ. ಹೊಟ್ಟೆ ಕುಲುಕಾಡಿಸುತ್ತ, ಎಡವುತ್ತ, ಆದರೂ ಓಡಿದ. ಹಿಡಿದೇಬಿಟ್ಟ! ತೊಳೆಯದೆ ಒಂದು ಸಲ ಕಚ್ಚಿ, “ಥೂ, ಬೀಜ ಹಲ್ಲಿಗೆ ಸಿಕ್ಕೊಳ್ತು,” ಎಂದು ಗಟ್ಟಿಯಾಗಿ ನಕ್ಕ. ನಗು ಏದುಸಿರಾಯಿತು. ಬಂದು ಕಾಂಡಕ್ಕೆ ಒರಗಿದ.

“ಡಾಕ್ಟರು ಹೆದರಿಸಿದ್ದಾರೆ ಕಣೇ, ಅಕ್ಕಾ. ಹೀಗೇ ಇದ್ರೆ ಹೃದಯ ಕೈ ಕೊಡತ್ತಂತೆ.”

“ಗೊತ್ತು.”

“ಬೇಕರಿಯವನೇ ಬನ್ನು ತಿನ್ನಲ್ಲ ಅಂದ್ರೆ ಜನ ನಗಲ್ವಾ?”

“ಬನ್ನು ಮಾಡೋದು ನಿನ್ನ ಕಸುಬು. ಮಾಡಿದ್ದನ್ನೆಲ್ಲ ನೀನೇ ತಿನ್ನು ಅಂತ ಯಾರು ಹೇಳಿದ್ರು? ಬೆಳಗ್ಗೆ ನನ್ನ ಜೊತೆ ನಡೆಯೋಕೆ ಬಾ. ಮೊದಲು ಬೀದಿ ತಿರುವಿನವರೆಗೆ ಸಾಕು.”

ತಮ್ಮ ಹಣ್ಣನ್ನು ಇನ್ನೊಂದು ಸಲ ಕಚ್ಚಿದ. “ಬರ್ತೀನಿ. ಆದ್ರೆ ಮರಗಿರ ಹತ್ತು ಅಂದ್ರೆ ಆಗಲ್ಲ, ಈಗಲೇ ಹೇಳಿದ್ದೀನಿ.”

ಅಷ್ಟರಲ್ಲಿ ಬೇಲಿಯ ಕಡೆಯಿಂದ ಯಾರದೋ ಹೆಜ್ಜೆಯ ಸದ್ದು ಕೇಳಿತು. ತಮ್ಮ ಬೆಚ್ಚಿಬಿದ್ದು, ಹಣ್ಣನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡು, ತಲೆಯೆತ್ತಿ ಪಿಸುಗುಟ್ಟಿದ: “ಅಕ್ಕಾ, ಅಲ್ಲಾಡ್ಬೇಡ! ಅಮ್ಮ ಬಂದ್ಲು!”

ಅಮ್ಮ ತೀರಿಕೊಂಡಾಗ ಇಬ್ಬರ ತಲೆಯಲ್ಲೂ ಒಂದೂ ಬಿಳಿಕೂದಲಿರಲಿಲ್ಲ. ಆದರೂ ಅಕ್ಕ ಎರಡೂ ಕಾಲುಗಳನ್ನು ಎಲೆಗಳೊಳಕ್ಕೆ ಎಳೆದುಕೊಂಡು, ಉಸಿರು ಬಿಗಿಹಿಡಿದು ಕೂತಳು.