ಕುತ್ತಿಗೆಯವರೆಗೆ

ಮೈದುನನೇ ಗಂಡನಾಗಿ ವಾರವಾಗಿತ್ತಷ್ಟೇ. ಮನೆಯ ಸೊಸೆ ಮನೆಯಲ್ಲೇ ಉಳಿಯಲಿ ಎಂದು ಹಿರಿಯರೇ ನಿಂತು ಮಾಡಿಸಿದ ಮದುವೆ. 'ಲೋ' ಎಂದು ಕರೆದು ರೂಢಿಯಾಗಿದ್ದ ಅವಳ ಬಾಯಲ್ಲಿ 'ರೀ' ಇನ್ನೂ ಹೊರಡುತ್ತಿರಲಿಲ್ಲ.

ಹನಿಮೂನಿಗೆಂದು ಅವನು ಕರೆತಂದದ್ದು ಹಿಮದ ಬೆಟ್ಟಕ್ಕೆ. ಸುತ್ತ ಜನ ಸ್ಕೀ ಕಟ್ಟಿಕೊಂಡು ಜಾರುತ್ತ, ಬಿದ್ದು ನಗುತ್ತಿದ್ದರು. ಅವಳು ಹಿಮವನ್ನು ಮುಟ್ಟಲೂ ಇಲ್ಲ.

"ಇಷ್ಟು ದೂರ ಬಂದಿದೀವಿ, ಒಂದ್ಸಲ ನಗಬಾರ್ದಾ?" ಎಂದವನೇ ಹಿಮದಲ್ಲಿ ಅಂಗಾತ ಮಲಗಿದ. "ಕುತ್ತಿಗೆವರೆಗೂ ಮುಚ್ಚು. ಫೋಟೋ ಮಜವಾಗಿರುತ್ತೆ."

ಅವಳು ಬಗ್ಗಿ, ಬಾಚಿ ಬಾಚಿ ಸುರಿದಳು. ಎದೆ ಮುಚ್ಚಿತು, ಕುತ್ತಿಗೆ ಮುಚ್ಚಿತು. ಕೈ ನಿಲ್ಲಲಿಲ್ಲ.

"ಸಾಕು... ಅತ್ತಿಗೆ, ಸಾಕು! ಉಸಿರು ಕಟ್ತಿದೆ!"

"ನಿಮ್ಮಣ್ಣನೂ ಹೀಗೇ ಕೂಗಿರ್ಬೇಕು ಕಣೋ, ಗಡಿಯಲ್ಲಿ ಅವರ ಟೆಂಟಿನ ಮೇಲೆ ಹಿಮ ಕುಸಿದಾಗ."