ಬಾಗಿಲಿರುವ ಬೋಟು

"ಇದು ಜಾಗ ದಂಡ ಸಾರ್," ಎಂದ ಸೇಲ್ಸ್‌ಮನ್, ಎರಡನೇ ಬೋಟಿನ ಮೂಲೆಯಲ್ಲಿದ್ದ ಪುಟ್ಟ ಟಾಯ್ಲೆಟ್ಟಿನ ಬಾಗಿಲನ್ನು ಬೆರಳಿನಿಂದ ತಟ್ಟುತ್ತ. "ಎಂಜಿನ್ ಅದೇ, ಉದ್ದ ಅದೇ, ಬೆಲೆನೂ ಅದೇ. ಆದ್ರೆ ಆ ಬೋಟಲ್ಲಿ ಇದೇ ಜಾಗಕ್ಕೆ ಮೆತ್ತೆ ಹಾಕಿದಾರೆ. ಕಾಲು ಚಾಚಿ ಮಲಗಬಹುದು."

ಗಂಡ ಆಗಲೇ ಆ ಮೆತ್ತೆಯ ಮೇಲೆ ಕಾಲು ಚಾಚಿ ಮಲಗಿಬಿಟ್ಟಿದ್ದ. ಷೋರೂಮಿನ ಟ್ಯೂಬ್‌ಲೈಟನ್ನೇ ಸೂರ್ಯನೆಂದುಕೊಂಡು ಕಣ್ಣು ಬೇರೆ ಮುಚ್ಚಿದ್ದ. "ಇದೇ ಇರ್ಲಿ ಬಿಡಿ. ಭಾನುವಾರ ಮನೆಮಂದಿಯೆಲ್ಲ ಹಾಯಾಗಿ ಹೋಗಿಬರೋದು."

"ಅದು ಬೇಡ, ಇದು," ಎಂದಳು ಹೆಂಡತಿ ಎರಡನೆಯದರ ಅಂಚು ಹಿಡಿದು. "ಇದಕ್ಕೆ ಬಾಗಿಲಿದೆ."

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನಗುವಂಥದ್ದೇನಿದೆ ಇದರಲ್ಲಿ?

"ಹೊರಡೋ ಮುಂಚೆ ಮನೇಲೇ ಮುಗಿಸ್ಕೊಂಡ್ರಾಯ್ತಪ್ಪ," ಎಂದ ಗಂಡ. "ಮೂರ್ನಾಲ್ಕು ಗಂಟೆ ತಡ್ಕೊಳ್ಳಕ್ಕಾಗಲ್ವಾ?"

"ನೀವು ಯಾವತ್ತು ರೀ ತಡ್ಕೊಂಡಿದ್ದು? ಗಾಡಿ ನಿಲ್ಲಿಸಿದ್ರೆ ಮುಗೀತು, ಮರ ಇದ್ರೆ ಮರ, ಗೋಡೆ ಇದ್ರೆ ಗೋಡೆ. ನಾನು? ಹೊರಗೆ ಹೋಗೋ ದಿನ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಮುಟ್ಟಲ್ಲ. ಬಾಯಾರಿ ತಲೆ ಸಿಡಿದು ಒಂದು ಕಡೆ ಕೂತ್ರೆ, 'ಇವಳನ್ನ ಎಲ್ಲಿಗೆ ಕರ್ಕೊಂಡ್ ಹೋದ್ರೂ ಮೂತಿ ಊದ್ಕೊಂಡೇ ಇರತ್ತೆ' ಅಂತ ನಂಟರ ಮುಂದೆಲ್ಲ ಸಾರ್ಕೊಂಡು ಬರ್ತೀರಿ!"

"ಮೇಡಂ, ಮೆತ್ತೆಯಲ್ಲಿ ಬಣ್ಣ ಬೇಕಾದಷ್ಟಿವೆ. ಲೇಡೀಸ್ ಸಾಮಾನ್ಯ ಅದನ್ನೇ..."

"ನಿಮ್ಮ ಬಣ್ಣ ನೀವೇ ಇಟ್ಕೊಳ್ಳಿ!"

"ಶ್, ಮೆತ್ತಗೆ! ಮಾನ ಹರಾಜು ಹಾಕ್ತೀಯಲ್ಲ," ಎಂದು ಗಂಡ ಎದ್ದು ಕೂತ. ಅತ್ತಿತ್ತ ನೋಡಿದವನ ಕಣ್ಣು, ಷೋರೂಮಿನ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ತಾಯಿಯ ಮೇಲೆ ಬಿತ್ತು. "ಅಮ್ಮ, ನೀನೇ ತೀರ್ಮಾನ ಹೇಳಿಬಿಡು. ಹೇಗೂ ನೀನು ಬರೋಳಲ್ಲ, ಪಕ್ಷಪಾತ ಇರಲ್ಲ."

ನಿಜ, ತಾಯಿ ಎಲ್ಲಿಗೂ ಬರುತ್ತಿರಲಿಲ್ಲ. ಎಷ್ಟು ಕರೆದರೂ "ನೀವು ಹೋಗ್ಬನ್ನಿ, ನಂಗೆ ಪ್ರಯಾಣ ಅಂದ್ರೆ ತಲೆಸುತ್ತು" ಎಂದುಬಿಡುತ್ತಿದ್ದರು. ಅವರಿಗೆ ಮನೆಯೇ ಇಷ್ಟವೆಂದು ಎಲ್ಲರೂ ತಿಳಿದಿದ್ದರು, ಸೊಸೆಯೂ ಸಹ.

ತಾಯಿ ಎದ್ದು ಸೆರಗು ಸರಿಮಾಡಿಕೊಂಡು ಎರಡನೇ ಬೋಟಿನ ಮೆಟ್ಟಿಲು ಹತ್ತಿದರು. ಸೊಸೆ ಕೈ ಕೊಟ್ಟಳು. ಅವರು ಆ ಪುಟ್ಟ ಬಾಗಿಲು ತೆರೆದರು, ಇಣುಕಿದರು, ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದರು.

"ಇದನ್ನ ತಗೊಂಡ್ರೆ ನಾನೂ ಬರ್ತೀನಿ."

"ಅಯ್ಯೋ, ನಿಂಗೆ ತಲೆಸುತ್ತು ಅಲ್ವೇನಮ್ಮ?"

"ಯಾವ ತಲೆಸುತ್ತೂ ಇಲ್ಲ, ಮಣ್ಣೂ ಇಲ್ಲ." ಅವರು ಸಿಟ್ಟಿನಿಂದ ಬಾಗಿಲು ಮುಚ್ಚಿದರು. "ನಿಮ್ಮಪ್ಪ ನಂಗೆ ತೋರಿಸದೇ ಇರೋ ಊರಿಲ್ಲ ಕಣೋ. ಬೆಟ್ಟ, ಕೋಟೆ, ಸಮುದ್ರ, ಎಲ್ಲ ಸುತ್ತಿಸಿದ್ರು ಪಾಪ. ಅಲ್ಲೆಲ್ಲ ಏನು ನೋಡಿದೆ ಅಂತ ಕೇಳು."

"ಏನು ನೋಡಿದೆ?"

"ಎಲ್ಲಾದರೂ ಮರೆ ಇದೆಯಾ ಅಂತ ನೋಡಿದೆ."