ಬಾವಿಗೊಂದು ಮೂಗು

"ಹೆಂಡ್ತಿ ಬಸುರಿ ಇರುವಾಗ ಗಂಡ ಆದವನು ಬಾವಿ ಮುಚ್ಚಬಾರದು ಅಳಿಯಂದ್ರೇ. ಇಷ್ಟು ಓದಿದೀರಿ, ಅಷ್ಟು ಗೊತ್ತಿಲ್ವೆ?"

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಕೊಲ್ಲಿ ದೇಶದ ಎಣ್ಣೆಪಟ್ಟಣ ಅಹ್ಮದಿಗೆ ಬಂದಿದ್ದ ಸರೋಜಮ್ಮ, ಅಳಿಯನ ಕೆಲಸವೇನೆಂದು ತಿಳಿದ ಕೂಡಲೇ ಕಾಫಿ ಲೋಟ ಕೆಳಗಿಟ್ಟರು. ಅಳಿಯ ಲಕ್ಷ್ಮೀನರಸಿಂಹ ತೈಲ ಕಂಪನಿಯ ಇಂಜಿನಿಯರ್. ಹಕ್ಕಿಗಳಿಗೆಂದು ಬೇಲಿ ಹಾಕಿ ಕಾಯ್ದಿಟ್ಟ ಮರಳುಗಾಡಿನಲ್ಲಿ ಪಾಳುಬಿದ್ದ ಎಣ್ಣೆ ಬಾವಿಗಳಿದ್ದವು. ಅವಕ್ಕೆ ಸಿಮೆಂಟ್ ತುಂಬುವ ಕೆಲಸ ಎಂಬತ್ತೈದನೇ ಇಸವಿಯಲ್ಲಿ ಅವನ ಮತ್ತು ಇನ್ನು ಕೆಲವರ ಪಾಲಿಗೆ ಬಂದಿತ್ತು.

"ಅತ್ತೆ, ಇದು ನೀರಿನ ಬಾವಿಯಲ್ಲ. ಗ್ಯಾಸ್ ಸೋರಿ ಹಕ್ಕಿಗಳು ಸಾಯ್ತಾ ಇವೆ."

"ನೀರೋ ಎಣ್ಣೆಯೋ, ಬಾವಿ ಬಾವೀನೇ. ಮುಚ್ಚಲೇಬೇಕು ಅಂದ್ರೆ ಅದು ಉಸಿರಾಡೋಕೆ ಒಂದು ಪೈಪ್ ಬಿಡಿ. ನಮ್ಮ ಹಿತ್ತಲ ಬಾವಿಗೆ ನಿಮ್ಮ ಮಾವನವರು ಬಿಟ್ಟಿರಲಿಲ್ವೆ?"

"ಅದರ ಉಸಿರು ಹೊರಗೆ ಬರಬಾರದು ಅಂತಲೇ ಮುಚ್ಚೋದು ಅತ್ತೆ."

ಸರೋಜಮ್ಮ ಮಗಳ ಹೊಟ್ಟೆಯ ಕಡೆ ಒಮ್ಮೆ ನೋಡಿದರು, ಅಷ್ಟೇ. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಲಕ್ಷ್ಮೀನರಸಿಂಹನಿಗೆ ಇಂಥದರಲ್ಲಿ ನಂಬಿಕೆ ಇರಲಿಲ್ಲ. ಹೆದರಿಕೆ ಮಾತ್ರ ಬೇಕಾದಷ್ಟಿತ್ತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ತನ್ನ ಪಾಲಿನ ಬಾವಿಯನ್ನು ಭದ್ರವಾಗಿಯೇ ಮುಚ್ಚಿಸಿದ. ಮೇಲಿನ ಹಸಿ ಸಿಮೆಂಟಿನಲ್ಲಿ ಒಂದು ಮೋಟು ಪೈಪ್ ನೆಡಿಸಿದ. ಅದರ ಕೆಳಗೆ ಬರೀ ಸಿಮೆಂಟು, ಬಾವಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಶುಕ್ರವಾರದ ರಜೆಯಲ್ಲಿ ಅತ್ತೆಯನ್ನು ಜೀಪಿನಲ್ಲಿ ಕರೆದೊಯ್ದು ತೋರಿಸಿದ. ಪೈಪಿನ ಬಾಯಿಗೆ ಮರಳುಗಾಡಿನ ಗಾಳಿ ತಗುಲಿ ಸುಯ್‌ಗುಡುತ್ತಿತ್ತು. ಸರೋಜಮ್ಮ ಕಿವಿಯಿಟ್ಟು ಕೇಳಿ, "ಉಸಿರಾಡ್ತಾ ಇದೆ" ಎಂದು ಪೈಪಿಗೆ ಕುಂಕುಮವಿಟ್ಟರು. ಅಂದು ತಾಯಿ ಮಗಳು ಇಬ್ಬರೂ ಹೊಟ್ಟೆ ತುಂಬ ಉಂಡರು.

ಮರುವಾರ ಸ್ಕಾಟ್ಲೆಂಡಿನ ಚೀಫ್ ಸಾಹೇಬರು ಗ್ಯಾಸ್ ಮೀಟರ್ ಹಿಡಿದು ತಪಾಸಣೆಗೆ ಬಂದರು. ಬೇರೆಯವರು ಮುಚ್ಚಿದ ಬಾವಿಗಳನ್ನು ನೋಡಿಬಂದು ಕೆಂಡವಾಗಿದ್ದರು.

"ಇದೇನು ಪೈಪು?"

ಅತ್ತೆಯ ಪೈಪು ಎನ್ನಲಾದೀತೆ? "ಇನ್‌ಸ್ಪೆಕ್ಷನ್ ಪೈಪ್, ಸರ್" ಎಂದುಬಿಟ್ಟ.

ಸಾಹೇಬರು ಮೀಟರನ್ನು ಪೈಪಿನ ಬಾಯಿಗೆ ಹಿಡಿದರು. ಮುಳ್ಳು ಅಲುಗಲಿಲ್ಲ. "ಸೊನ್ನೆ" ಎಂದರು, ಮಗುವಿನಂತೆ ನಗುತ್ತಾ. "ಉಳಿದವೆಲ್ಲ ಇನ್ನೂ ಸೋರ್ತಿವೆ. ಅವಕ್ಕೂ ಹೀಗೇ ಪೈಪ್ ಹಾಕಿಸಿ. ಇನ್ಮೇಲೆ ಮೀಟರ್ ಹಿಡಿಯೋದು ಪೈಪಿಗೆ ಮಾತ್ರ. ಯಲ್ಲಾ, ಬೇಗ ಆಗಲಿ."

"ಸರ್, ಆ ಪೈಪಿನ ಕೆಳಗೆ..." ಎಂದ ಲಕ್ಷ್ಮೀನರಸಿಂಹ ಅಲ್ಲಿಗೇ ನಿಲ್ಲಿಸಿದ. ನಿಜ ಹೇಳಿದರೆ ಪೈಪು ಕೀಳಬೇಕಾಗುತ್ತಿತ್ತು. ಹೆಂಡತಿಗೆ ಏಳು ತುಂಬಿತ್ತು. ಸಾಹೇಬರು ಕೈಕುಲುಕಿ ಹೊರಟುಹೋದರು.

ಮನೆಗೆ ಬಂದವನು ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಎದುರು ಕುಸಿದು ಕೂತ. "ಎಲ್ಲ ಬಾವಿಗೂ ಪೈಪ್ ಹಾಕ್ಬೇಕಂತೆ ಅತ್ತೆ. ಚೀಫ್ ಸಾಹೇಬರ ಆರ್ಡರು."

ಸರೋಜಮ್ಮನ ಕೈ ನಿಂತಿತು. ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಪಾಪ, ಅವರ ಹೆಂಡ್ತಿಗೆ ಈಗ ಎಷ್ಟು ತಿಂಗಳಂತೆ?"